ಕೋಟಾ ಟೆಸ್ಟ್ ಈಗ ಸುಮ್ಮಸುಮ್ಮನೆ ಬೀಳುವುದಿಲ್ಲ

ಮೂರು ವಾರದಲ್ಲಿ ನಮ್ಮ ಡಿಸ್ಕ್ ಕೋಟಾ (ಲಿನಕ್ಸ್ ಮಷಿನ್ನಿನಲ್ಲಿ ಒಬ್ಬ ಯೂಸರ್ ಎಷ್ಟು ಜಾಗ ಬಳಸಬಹುದು ಎಂಬ ಮಿತಿ) ಟೆಸ್ಟ್ ಹತ್ತಿರ ಹತ್ತಿರ 400 ಸಲ ಓಡಿದೆ. ಒಮ್ಮೆಯೂ ಕಾರಣವಿಲ್ಲದೆ ಫೇಲ್ ಆಗಿಲ್ಲ. ಮೊದಲು ಏಳೆಂಟು ಸಲಕ್ಕೊಮ್ಮೆ ಕೆಂಪು ಬರುತ್ತಿತ್ತು. ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು: "ಸರ, ಅದರ ಹಣೇಬರಾನ ಅಷ್ಟು. ಇನ್ನೊಮ್ಮೆ ಓಡಸ್ರಿ, ಪಾಸ್ ಆಗ್ತದ." ಪಾಸ್ ಆಗುತ್ತಿತ್ತು, ನಿಜ. ನನ್ನ ಸಂಕಟವೂ ಅದೇ ಆಗಿತ್ತು.

ಟೆಸ್ಟ್ ದೊಡ್ಡದೇನಲ್ಲ. ಯೂಸರ್‌ಗೆ 20 ಎಂಬಿ ಹಾರ್ಡ್ ಲಿಮಿಟ್, ಅಂದರೆ ದಾಟಲೇಬಾರದ ಮಿತಿ. ಅಷ್ಟು ಬರೆದರೆ ಆಗಬೇಕು, ಮೇಲೆ ಬರೆದರೆ ಎರರ್ ಬರಬೇಕು.

ಮೊದಲು ಸ್ಲೀಪ್, ಅಂದರೆ ಸ್ವಲ್ಪ ಹೊತ್ತು ಕಾಯುವ ಸಾಲು, ಹಾಕಿದೆ. 2 ಸೆಕೆಂಡು, ಆಮೇಲೆ 10, ಆಮೇಲೆ 30. ನಂತರ ಫೇಲ್ ಆದರೆ ತಾನೇ ಮೂರು ಸಲ ಓಡುವ ಹಾಗೆ ಮಾಡಿದೆ. ಬಾಡಿಗೆ ಮಷಿನ್ನಿನ ಬಿಲ್ಲು ತಿಂಗಳಿಗೆ ಸುಮಾರು 4 ಸಾವಿರ ಇದ್ದದ್ದು 7 ಸಾವಿರಕ್ಕೆ ಹೋಯಿತು. ರೋಗ ಮಾತ್ರ ಹಾಗೇ ಉಳಿಯಿತು.

ಗದಗಿನ ಗೆಳೆಯನೊಬ್ಬ ಟೆಸ್ಟನ್ನು ರೂಟ್ (ಎಲ್ಲ ಅಧಿಕಾರ ಇರುವ ಅಡ್ಮಿನ್ ಯೂಸರ್) ಆಗಿ ಓಡಿಸಿದ. ನಾಲ್ಕು ದಿನ ಪೂರ್ತಿ ಹಸಿರು! ಎಲ್ಲರೂ ಖುಷಿ. ನನಗೆ ನಂಬಿಕೆ ಬರಲಿಲ್ಲ. ಕೋಟಾವನ್ನೇ ಆಫ್ ಮಾಡಿ ಓಡಿಸಿದೆ. ಆಗಲೂ ಪಾಸ್. ಇಎಕ್ಸ್‌ಟಿ4 ಎಂಬ ಲಿನಕ್ಸ್ ಫೈಲ್ ಸಿಸ್ಟಮ್‌ನಲ್ಲಿ ರೂಟ್‌ಗೆ ಹಾರ್ಡ್ ಲಿಮಿಟ್ ತಡೆಯೇ ಅಲ್ಲ ಅಲ್ವಾ? ಟೆಸ್ಟ್ ಡಿಸ್ಕ್ ತುಂಬುವ ತನಕ ಬರೆದಿತ್ತು. ಜಾಗ ಇಲ್ಲ ಎಂಬ ಎರರ್ 28 ಬಂದಿತ್ತು. ನಮ್ಮ ಟೆಸ್ಟ್‌ಗೆ ಯಾವುದೋ ಒಂದು ಎರರ್ ಬಂದರೆ ಸಾಕಿತ್ತು. ಕೋಟಾ ಮೀರಿದರೆ ಬರಬೇಕಾದದ್ದು ಎರರ್ 122.

ಕೆಂಪು ಬೀಳುತ್ತಿದ್ದ ಕಾರಣ ಬೇರೆಯೇ. ಯಾರು ಎಷ್ಟು ಜಾಗ ಬಳಸಿದ್ದಾರೆ ಎಂದು ತೋರಿಸುವ ರೆಪ್‌ಕೋಟಾ ಕಮಾಂಡಿನ ಔಟ್‌ಪುಟ್ಟನ್ನು ಸೆಕೆಂಡಿಗೊಮ್ಮೆ ಲಾಗ್ ಮಾಡಿಟ್ಟಿದ್ದೆ. ಸಂಜೆ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುತ್ತಾ ಅದನ್ನು ಓದಿದೆ. ನಮ್ಮ ಟೆಸ್ಟ್ ಇನ್ನೂ ಏನೂ ಬರೆಯುವ ಮೊದಲೇ ಯೂಸರ್ ಲೆಕ್ಕದಲ್ಲಿ 6 ಎಂಬಿ ಕೂತಿತ್ತು. ಯೂಸರ್ ಕೋಟಾ ಫೋಲ್ಡರ್ ನೋಡುವುದಿಲ್ಲ. ಇಡೀ ಫೈಲ್ ಸಿಸ್ಟಮ್‌ನಲ್ಲಿ ಆ ಯೂಸರ್ ಹೆಸರಿನಲ್ಲಿ ಏನಿದೆಯೋ ಎಲ್ಲವನ್ನೂ ಎಣಿಸುತ್ತದೆ. ಪಕ್ಕದಲ್ಲಿ ಓಡುತ್ತಿದ್ದ ಇನ್ನೆರಡು ಟೆಸ್ಟ್‌ಗೂ ಅದೇ ಯೂಸರ್! ಜೊತೆಗೆ ಒಂದು ಲಾಗ್ ಫೈಲ್ ಡಿಲೀಟ್ ಆಗಿದ್ದರೂ ಹಿಂದಿನ ಪ್ರೋಸೆಸ್ ಅದನ್ನು ತೆರೆದೇ ಇಟ್ಟಿತ್ತು. ಮುಚ್ಚುವ ತನಕ ಆ ಜಾಗ ವಾಪಸ್ ಬರುವುದಿಲ್ಲ.

ಈಗ ಪ್ರತಿ ಟೆಸ್ಟ್‌ಗೂ ಬೇರೆ ಯೂಸರ್, ಬೇರೆ 64 ಎಂಬಿ ಇಮೇಜ್ ಫೈಲ್, ಅದನ್ನೇ ಡಿಸ್ಕ್‌ನ ಹಾಗೆ ಜೋಡಿಸುವ ಲೂಪ್ ಮೌಂಟ್. ಸರಿಯಾಗಿ 20 ಎಂಬಿ ಹಿಡಿಸಬೇಕು ಎಂಬ ಹಟವನ್ನೂ ಬಿಟ್ಟೆ. ಯೂಸರ್‌ನ ಫೋಲ್ಡರೇ ಸ್ವಲ್ಪ ಜಾಗ ತಿನ್ನುತ್ತದೆ. 19 ಎಂಬಿ ಬರೆಯಲು ಆಗಬೇಕು, 21 ಎಂಬಿಗೆ ಎರರ್ 122 ಬರಬೇಕು. ಕೋಟಾ ಆಫ್ ಮಾಡಿ ಒಂದು ಸಲ ಓಡಿಸುತ್ತೇನೆ, ಆಗ ಫೇಲ್ ಆಗಲೇಬೇಕು. ಕೋಟಾ ಫೀಚರ್ ಹಾಕಿಯೇ ಫಾರ್ಮ್ಯಾಟ್ ಮಾಡುವುದರಿಂದ ಕರೆಂಟ್ ಹೋಗಿ ಬಂದರೂ ಲೆಕ್ಕವನ್ನು ಮೊದಲಿಂದ ಎಣಿಸುವ ಕೋಟಾಚೆಕ್ ಕಮಾಂಡಿನ ಗೋಳಿಲ್ಲ. ಸಿಕ್ಕಿಕೊಂಡ ಲೂಪ್ ಡಿವೈಸ್‌ಗಳನ್ನು ಹೇಗೆ ಬಿಡಿಸುತ್ತೇನೆ ಎಂಬುದನ್ನು ಮಾತ್ರ ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಎರಡು ವಾರ ನಿದ್ದೆಗೆಟ್ಟು ಕಲಿತದ್ದು ಅದು. ನಾಲ್ಕು ನಿಮಿಷದ ಟೆಸ್ಟ್ 40 ಸೆಕೆಂಡಿಗೆ ಇಳಿದಿದೆ. ಬಿಲ್ಲು 3 ಸಾವಿರದ ಒಳಗಿದೆ. ಆಗುವುದಿಲ್ಲ ಅಂದವರೇ ಈಗ ಸ್ಕ್ರಿಪ್ಟ್ ಕೇಳಿಕೊಂಡು ಬರುತ್ತಾರೆ.

ನಡುವೆ ಸಾಫ್ಟ್ ಲಿಮಿಟ್‌ನ (ಸ್ವಲ್ಪ ಕಾಲ ದಾಟಬಹುದಾದ ಮಿತಿ) ಗ್ರೇಸ್ ಟೈಮನ್ನೂ, ಅಂದರೆ ದಾಟಿದ ಮೇಲೆ ಸಿಗುವ ಗಡುವನ್ನೂ, ಕೆದಕಿದೆ. ಅದು ಮಾಮೂಲಿ 7 ದಿನ. ಅಷ್ಟು ಕಾಯಲಾಗದೆ ಮಷಿನ್ನಿನ ಗಡಿಯಾರವನ್ನೇ ಮುಂದೆ ತಳ್ಳಿದೆ. ಸರ್ಟಿಫಿಕೇಟ್‌ಗಳೆಲ್ಲ ಕೆಟ್ಟು ಅರ್ಧ ದಿನ ಹಾಳಾಯಿತು. ಲಿಮಿಟ್ ಹಾಕುವ ಸೆಟ್‌ಕೋಟಾ ಕಮಾಂಡಿನಲ್ಲೇ ಗ್ರೇಸ್ ಟೈಮ್ 5 ಸೆಕೆಂಡ್ ಹಾಕಿದರೆ ಸಾಕಿತ್ತು. ಒಂದು ಎಚ್ಚರ: ಲಿಮಿಟ್ ದಾಟುವ ಮೊದಲೇ ಹಾಕಿ. ಒಮ್ಮೆ ಶುರುವಾದ ಎಣಿಕೆಗೆ ಆ ಕಮಾಂಡಿನ ಸಣ್ಣ ಟಿ (-t) ಆಯ್ಕೆ ನಾಟುವುದಿಲ್ಲ, ದೊಡ್ಡ ಟಿ (-T) ಬೇಕು.

ಈಗ ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ನ ಪ್ರಾಜೆಕ್ಟ್ ಕೋಟಾಕ್ಕೆ (ಯೂಸರ್ ಬದಲು ಫೋಲ್ಡರಿಗೆ ಹಾಕುವ ಮಿತಿ) ಕೈ ಹಾಕಿದ್ದೇನೆ. ಅಲ್ಲಿ ರೂಟ್‌ಗೂ ತಡೆ ಬೀಳುತ್ತದೆ. ಕೋಟಾ ಮೀರಿದರೂ 122 ಬದಲು 28 ಬರುತ್ತದೆ. ಎರರ್ ನಂಬರ್ ನೋಡಿ ಕೋಟಾ ಮೀರಿದ್ದೋ ಡಿಸ್ಕ್ ತುಂಬಿದ್ದೋ ಎಂದು ಗುರುತಿಸುವ ನನ್ನ ಉಪಾಯ ಅಲ್ಲಿ ನಡೆಯುವುದಿಲ್ಲ. ಡಿಸ್ಕ್‌ನಲ್ಲಿ ಇನ್ನೂ ಎಷ್ಟು ಜಾಗ ಉಳಿದಿದೆ ಎಂದು ಅದೇ ಹೊತ್ತಿಗೆ ನೋಡಬೇಕು. ಅದನ್ನೇ ಬರೆಯುತ್ತಿದ್ದೇನೆ.