ಹಾಸನ, ಚಿಕ್ಕಮಗಳೂರಿನಂಥ ಊರಲ್ಲಿ ನಮ್ಮವರು ಠಾಣೆಗೆ ಹೋಗಬೇಕಾದಾಗ

ಬೆಂಗಳೂರಿನ ಠಾಣೆಯಲ್ಲಾದರೆ ನೀವು ಯಾರೋ ಒಬ್ಬರು. ನಮ್ಮ ಕಡೆ ಹಾಗಲ್ಲ. ಅರಸೀಕೆರೆಯಲ್ಲೋ ಮೂಡಿಗೆರೆಯಲ್ಲೋ ಠಾಣೆ ಮೆಟ್ಟಿಲು ಹತ್ತಿದರೆ ಒಳಗೆ ಕೂತಿರುವ ಹೆಡ್ ಕಾನ್‌ಸ್ಟೇಬಲ್ ನಿಮ್ಮ ಚಿಕ್ಕಪ್ಪನ ಜೊತೆ ಓದಿದವರಾಗಿರಬಹುದು. ಗೇ ಹುಡುಗರು, ಪ್ರೀತಿಸುವ ಇಬ್ಬರು ಹುಡುಗಿಯರು, ಟ್ರಾನ್ಸ್ ಜನ ಏಟು ತಿಂದರೂ ಸುಮ್ಮನಿರುವುದು ಹೆಚ್ಚಾಗಿ ಇದೇ ಕಾರಣಕ್ಕೆ: ಸಂಜೆಯೊಳಗೆ ಮನೆಗೆ ಗೊತ್ತಾಗುತ್ತೆ ಅನ್ನುವ ಭಯ.

ಪೊಲೀಸರ ಮೇಲಿನ ಅನುಮಾನವೂ ಸುಮ್ನೆ ಹುಟ್ಟಿದ್ದಲ್ಲ. ಪೊಲೀಸರ ಹೊಡೆತ, ವಸೂಲಿ, ಬೈಗುಳಗಳನ್ನು ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2001 ಮತ್ತು 2003ರ ವರದಿಗಳಲ್ಲಿ ದಾಖಲಿಸಿದೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಂ ಸೇರಿಸಿ, ಅನುಮಾನ ಇರುವ ಮಂಗಳಮುಖಿಯರ ಹೆಸರು, ವಿಳಾಸದ ರಿಜಿಸ್ಟರ್ ಇಡುವ ಅಧಿಕಾರವನ್ನು ಕಮಿಷನರ್‌ಗೆ ಕೊಟ್ಟರು. ವಿಷಯ ಹೈಕೋರ್ಟಿಗೆ ಹೋದ ಮೇಲೆ ಆ ಕಲಂನಿಂದ ಸಮುದಾಯದ ಹೆಸರು ಹೋಯಿತು. ಹಾಗಾಗಿ "ಪೊಲೀಸರನ್ನು ನಂಬಿ" ಅಂತ ನಾನು ಹೇಳುವುದಿಲ್ಲ. ಪೂರ್ತಿ ನಂಬಿಕೆ ಇಲ್ಲದೆಯೂ ಠಾಣೆಯಲ್ಲಿ ನಮ್ಮ ಕೆಲಸ ಆಗಬೇಕು, ಅದು ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ಭಯ ಬಿಡಿ. "377 ಹಾಕಿ ಒಳಗೆ ಹಾಕ್ತೀನಿ" ಅಂತ ಯಾರಾದರೂ ಹೆದರಿಸಿದರೆ ಅದಕ್ಕೆ ಬೆಲೆ ಇಲ್ಲ. 377 ಅಂದ್ರೆ ಸಲಿಂಗ ಸಂಬಂಧವನ್ನು ಅಪರಾಧ ಅಂತ ನೋಡುತ್ತಿದ್ದ ಹಳೆಯ ದಂಡ ಸಂಹಿತೆಯ ಕಲಂ. ಒಪ್ಪಿಗೆಯಿಂದ ಇಬ್ಬರು ವಯಸ್ಕರು ಖಾಸಗಿಯಾಗಿ ಜೊತೆಗಿರುವುದು ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮ್ಮೇ ಇಲ್ಲ. ಆದರೆ ಇಬ್ಬರಲ್ಲಿ ಒಬ್ಬರು 18 ದಾಟಿಲ್ಲ ಅಂದ್ರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ) ಬರುತ್ತದೆ, ಅಲ್ಲಿ ಒಪ್ಪಿಗೆಯ ಮಾತೇ ನಡೆಯುವುದಿಲ್ಲ.

ಈಗ ಜಾಸ್ತಿ ಕೇಳಿಬರುವ ತೊಂದರೆ: ಆಪ್‌ನಲ್ಲಿ ಪರಿಚಯ, ಬಾ ಅಂತ ಕರೆಯುವುದು, ಹೋದರೆ ಅಲ್ಲಿ ಮೂರು ನಾಲ್ಕು ಜನ, ವಿಡಿಯೋ, ಹೊಡೆತ, ಫೋನ್‌ಪೇಯಲ್ಲಿ ದುಡ್ಡು. ಆಮೇಲೆ ವಾರಕ್ಕೊಮ್ಮೆ ಫೋನ್. ಎರಡನೇ ಸಲ ದುಡ್ಡು ಹಾಕಬೇಡಿ, ಕೊಟ್ಟಷ್ಟೂ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಡಿಲೀಟ್ ಮಾಡುವವರೇ ಹೆಚ್ಚು, ದಯವಿಟ್ಟು ಮಾಡಬೇಡಿ, ನಿಮ್ಮ ಕೈಲಿರುವ ಸಾಕ್ಷಿ ಅದೇ. ಪ್ರೊಫೈಲ್, ನಂಬರ್, ಯುಪಿಐ ಐಡಿ, ಟ್ರಾನ್ಸಾಕ್ಷನ್ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು, ನಿಮ್ಮ ಫೋನ್ ಬಿಟ್ಟು ಬೇರೆ ಕಡೆಯೂ ಇಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದರೆ ಆ ಖಾತೆಯಲ್ಲಿ ಹಣ ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ. ಎರಡೂ ಜಿಲ್ಲೆಯಲ್ಲಿ ಸೈಬರ್ ಅಪರಾಧಕ್ಕೆ ಸಿಇಎನ್ ಠಾಣೆ ಇದೆ. ಊರಿನ ಠಾಣೆಗೆ ಹೋಗಲು ಹಿಂಜರಿಕೆ ಇರುವವರಿಗೆ ಅದು ವಾಸಿ.

ದೂರನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಅಲ್ಲಿ ಬಾಯಲ್ಲಿ ಹೇಳಿ ಬರೆಸಲು ಕೂತರೆ ನಿಮ್ಮ ಕಥೆ ಇಡೀ ಠಾಣೆಗೆ ಕೇಳುತ್ತದೆ. ನೀವು ಗೇ ಅಂತ ಬರೆಯಲೇಬೇಕು ಅಂತೇನಿಲ್ಲ, ನಿಮಗೆ ಏನು ಮಾಡಿದರು ಅನ್ನುವುದು ಮುಖ್ಯ. ಹೀಗೆ ಬರೆದರೆ ಸಾಕು:

"ಮೊಬೈಲ್ ಆಪ್ ಮೂಲಕ ಪರಿಚಯವಾದ ವ್ಯಕ್ತಿಯನ್ನು ಭೇಟಿಯಾಗಲು ಇಂಥ ದಿನ ಸಂಜೆ ಸುಮಾರು 7 ಗಂಟೆಗೆ ಬಿ.ಎಂ. ರಸ್ತೆಯ ಇಂಥ ಜಾಗಕ್ಕೆ ಹೋಗಿದ್ದೆ. ಅಲ್ಲಿ ಮೂವರು ನನ್ನನ್ನು ಅಡ್ಡಗಟ್ಟಿ, ಕೈಯಿಂದ ಹೊಡೆದು, ವಿಡಿಯೋ ಮಾಡಿಕೊಂಡು, ಅದನ್ನು ಮನೆಯವರಿಗೆ ಕಳಿಸುವುದಾಗಿ ಬೆದರಿಸಿ, ನನ್ನಿಂದ ಹಣ ಹಾಕಿಸಿಕೊಂಡಿರುತ್ತಾರೆ. ಸದರಿಯವರ ಮೇಲೆ ಕಾನೂನು ಕ್ರಮ ಜರುಗಿಸಬೇಕಾಗಿ ಕೋರುತ್ತೇನೆ."

ಇದು ಸುಲಿಗೆ, ಸಂಹಿತೆಯ 308ನೇ ಕಲಂ, ಏಳು ವರ್ಷದವರೆಗೆ ಶಿಕ್ಷೆ ಇದೆ. "ನೀನು ಅಲ್ಲಿಗ್ಯಾಕೆ ಹೋಗಿದ್ದೆ?" ಅಂತ ಕೇಳಿಯೇ ಕೇಳುತ್ತಾರೆ. ಸುಳ್ಳು ಕಟ್ಟಬೇಡಿ, ಮುಂದೆ ಕೋರ್ಟಿನಲ್ಲಿ ಅದೇ ಕುತ್ತಿಗೆಗೆ ಬರುತ್ತದೆ. "ಪರಿಚಯದವರನ್ನ ನೋಡೋಕೆ ಹೋಗಿದ್ದೆ ಸಾರ್, ಅವರು ಹೊಡೆದು ದುಡ್ಡು ಕಿತ್ತುಕೊಂಡ್ರು" ಅಂತ ಅಷ್ಟಕ್ಕೇ ನಿಲ್ಲಿಸಿ.

ಒಬ್ಬರೇ ಹೋಗಬೇಡಿ, ರಾತ್ರಿಗಿಂತ ಬೆಳಗ್ಗೆ ಹೊತ್ತು ಒಳ್ಳೆಯದು. ವಿಳಾಸದ ಕೆಳಗೆ "ಪತ್ರವ್ಯವಹಾರಕ್ಕೆ" ಅಂತ ನಂಬಿಕೆಯ ಗೆಳೆಯರ ವಿಳಾಸ, ನಿಮ್ಮ ಸ್ವಂತ ನಂಬರ್ ಬರೆಯಿರಿ, ಇಲ್ಲವಾದರೆ ನೋಟಿಸ್ ಹಿಡಿದು ಪೇದೆ ನೇರ ಮನೆಗೇ ಬರಬಹುದು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಎಫ್‌ಐಆರ್ ಆದರೆ ಅದರ ಪ್ರತಿ ಪುಕ್ಕಟೆ ಕೊಡಬೇಕು. "ನಮ್ಮ ವ್ಯಾಪ್ತಿ ಅಲ್ಲ" ಅನ್ನುವ ಹಾಗಿಲ್ಲ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಆಗುತ್ತದೆ. ಮೂಡಿಗೆರೆಯವರು ಹಾಸನದಲ್ಲೂ ಕೊಡಬಹುದು, ಆದರೆ ಕೊನೆಗೆ ಕಡತ ಮೂಡಿಗೆರೆಗೇ ಹೋಗುತ್ತದೆ, ಅದು ತಿಳಿದಿರಲಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಎಫ್‌ಐಆರ್‌ಗಳು ವೆಬ್‌ಸೈಟಿಗೆ ಹೋಗುತ್ತವೆ. ಸೂಕ್ಷ್ಮ ಪ್ರಕರಣವಾದರೆ ಹಾಕದೆ ಇರಬಹುದು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ, ಆ ತೀರ್ಮಾನ ಡಿವೈಎಸ್‌ಪಿ ಅಥವಾ ಅವರ ಮೇಲಿನವರದ್ದು. ದೂರಿನ ಕೊನೆಯಲ್ಲೇ ಆ ಕೋರಿಕೆಯನ್ನೂ ಬರೆದುಬಿಡಿ.

ಬಸ್ ಸ್ಟ್ಯಾಂಡ್ ಹತ್ತಿರ ನಿಂತಿದ್ದಕ್ಕೆ ಮಂಗಳಮುಖಿಯರನ್ನು ಜೀಪಿಗೆ ಹತ್ತಿಸಿದರೆ ಕೇಳಬೇಕಾದ್ದು ಒಂದೇ: "ಅರೆಸ್ಟ್ ಮಾಡ್ತಿದ್ದೀರಾ? ಕಾರಣ ಬರೆದು ಕೊಡಿ." ಅರೆಸ್ಟ್ ಆದರೆ ನೀವು ಹೇಳಿದವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಬೈದರೆ ವಾದಕ್ಕಿಳಿಯಬೇಡಿ. ಎದೆಯ ಮೇಲಿನ ಹೆಸರು, ಸಮಯ, ಜೀಪಿನ ನಂಬರ್ ನೆನಪಿಟ್ಟುಕೊಳ್ಳಿ. ಮುಚ್ಚಳಿಕೆ ಅಂತ ಖಾಲಿ ಹಾಳೆಗೆ ಸಹಿ ಕೇಳಿದರೆ ಹಾಕಬೇಡಿ.

ಇಬ್ಬರು ಹುಡುಗಿಯರು ಮನೆ ಬಿಟ್ಟರೆ ಅಪ್ಪ ಅಮ್ಮ ಮಿಸ್ಸಿಂಗ್ ಕಂಪ್ಲೇಂಟ್ ಕೊಡುತ್ತಾರೆ. ಅಡಗಿ ಕೂರುವುದಕ್ಕಿಂತ, ಆಧಾರ್ ಪ್ರತಿಯ ಜೊತೆ "ನಾವು ವಯಸ್ಕರು, ಸ್ವಂತ ಇಚ್ಛೆಯಿಂದ ಬಂದಿದ್ದೇವೆ" ಅಂತ ಆ ಠಾಣೆಗೂ ಎಸ್‌ಪಿಯವರಿಗೂ ಪತ್ರ ಕಳಿಸಿ. ಠಾಣೆಗೆ ಕರೆದರೆ ವಕೀಲರ ಜೊತೆ ಹೋಗಿ. ಇಂಥ ಜೋಡಿಗಳು ಒಪ್ಪಿ ಬಂದ ವಯಸ್ಕರೆಂದು ಗೊತ್ತಾದರೆ ಪೊಲೀಸರು ಕಿರುಕುಳ ಕೊಡದೆ ದೂರು ಮುಗಿಸಬೇಕು ಅಂತ ಮದ್ರಾಸ್ ಹೈಕೋರ್ಟ್ 2021ರಲ್ಲಿ ಆದೇಶಿಸಿದೆ. ನಮ್ಮ ರಾಜ್ಯದ ಪೊಲೀಸರು ಅದಕ್ಕೆ ಬದ್ಧರಲ್ಲ, ಆದರೂ ವಕೀಲರು ಇಲ್ಲಿ ಅದನ್ನು ಎತ್ತಿ ತೋರಿಸಬಹುದು.

ಠಾಣೆಯಲ್ಲಿ ದೂರು ತಗೊಳ್ಳಲಿಲ್ಲವಾ? ಜಗಳ ಬೇಡ. ಅದೇ ದೂರನ್ನು ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನ ಮಾಡಿ. ಅಲ್ಲೂ ಆಗದಿದ್ದರೆ ಕಾನೂನಿನ ಮುಂದಿನ ದಾರಿ ಮ್ಯಾಜಿಸ್ಟ್ರೇಟ್. ಎಸ್‌ಪಿಯವರ ಮೇಲಿನ ಐಜಿಪಿಯವರಿಗೂ ಬರೆಯಬಹುದು: ಹಾಸನಕ್ಕೆ ಮೈಸೂರಿನಲ್ಲಿ, ಚಿಕ್ಕಮಗಳೂರಿಗೆ ಮಂಗಳೂರಿನಲ್ಲಿ ಕಚೇರಿ ಇದೆ. ಪೊಲೀಸರೇ ಹೊಡೆದಿದ್ದರೆ ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ, ಗಾಯದ ಫೋಟೋ ತೆಗೆದು, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಒಂದು ಪ್ರತಿ ಕಳಿಸಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಎಸ್‌ಸಿ-ಎಸ್‌ಟಿಯವರು, ಕಸ್ಟಡಿಯಲ್ಲಿರುವವರು, ಆದಾಯ ಕಡಿಮೆ ಇರುವವರಿಗೆ ವಕೀಲರನ್ನು ಅವರೇ ಕೊಡುತ್ತಾರೆ. ಆ ವಕೀಲರ ಹತ್ತಿರ ಮಾತ್ರ ಏನನ್ನೂ ಮುಚ್ಚಿಡಬೇಡಿ, ನೀವು ಹೇಳಿದ್ದನ್ನು ಅವರು ಹೊರಗೆ ಹೇಳುವ ಹಾಗಿಲ್ಲ.