ಐದು–ಹತ್ತು ಲಾರಿ ಇರುವವರು ಎಐ ಬಳಸುವುದು ಹೇಗೆ? ಡೀಸೆಲ್‌ನಿಂದ ಶುರು ಮಾಡಿ

ಸಣ್ಣದಾಗಿ ಟ್ರಾನ್ಸ್‌ಪೋರ್ಟ್ ನಡೆಸುವವರಿಗೆ ಈಗ ಮೇಲಿಂದ ಮೇಲೆ ಫೋನ್ ಬರುತ್ತಿರುತ್ತದೆ. "ಸರ್, ನಮ್ಮ ಎಐ ಸಿಸ್ಟಂ ಹಾಕಿಸಿ, ಡೀಸೆಲ್ ಕಳ್ಳತನ ನಿಲ್ಲುತ್ತೆ, ಆಕ್ಸಿಡೆಂಟ್ ಆಗಲ್ಲ." ಮಾರುವವರು ಹೇಳುವಷ್ಟು ಇಲ್ಲದಿದ್ದರೂ ಅದರಲ್ಲಿ ನಿಜ ಇದೆ. ಮೊದಲು ಜಿಪಿಎಸ್ ಅಂದರೆ ಗಾಡಿ ಎಲ್ಲಿದೆ ಅಂತ ತೋರಿಸುವ ಒಂದು ಚುಕ್ಕಿ, ಅಷ್ಟೇ. ಈಗಿನ ಸಾಫ್ಟ್‌ವೇರ್ ಒಂದೊಂದು ಗಾಡಿಯ ಚಾಳಿಯನ್ನೇ ಕಲಿಯುತ್ತದೆ. ಈ ಗಾಡಿ ಈ ರೂಟಿನಲ್ಲಿ, ಇಷ್ಟು ಲೋಡಿಗೆ ಎಷ್ಟು ಡೀಸೆಲ್ ಕುಡಿಯುತ್ತದೆ, ಇವತ್ತು ಯಾಕೆ ಜಾಸ್ತಿ ಕುಡಿಯಿತು ಅಂತ ಅದೇ ಎತ್ತಿ ತೋರಿಸುತ್ತದೆ.

ಇದನ್ನು ದುಡ್ಡು ಕಳೆದುಕೊಳ್ಳದೆ, ಡ್ರೈವರ್‌ಗಳನ್ನೂ ಕಳೆದುಕೊಳ್ಳದೆ ಬಳಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಎರಡನೆಯದನ್ನು ಬೇಕಂತಲೇ ಸೇರಿಸಿದ್ದೇನೆ. ಒಳ್ಳೆ ಡ್ರೈವರ್ ಬಿಟ್ಟು ಹೋದರೆ ಆಗುವ ನಷ್ಟವನ್ನು ಯಾವ ಆ್ಯಪೂ ತುಂಬಿಕೊಡುವುದಿಲ್ಲ.

ಮೊದಲು ನಿಮ್ಮ ಪುಸ್ತಕ ಸರಿ ಇರಲಿ

ಏನನ್ನೂ ಕೊಳ್ಳುವ ಮುಂಚೆ ಒಂದೆರಡು ತಿಂಗಳು ಫುಲ್ ಟ್ಯಾಂಕ್ ಲೆಕ್ಕ ಬರೆಯಿರಿ. ಟ್ಯಾಂಕ್ ಫುಲ್ ಮಾಡಿಸಿ, ಕಿಲೋಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರ್‌ನಿಂದ ಭಾಗಿಸಿ. ಲೋಡ್ ಇದ್ದಾಗ ಎಷ್ಟು, ಖಾಲಿ ಬಂದಾಗ ಎಷ್ಟು ಅಂತ ಬೇರೆ ಬೇರೆ ಇರಬೇಕು. ಮಂಗಳೂರು ಬಂದರಿನಲ್ಲಿ ಲೋಡ್ ಮಾಡಿಕೊಂಡು ಶಿರಾಡಿ ಘಾಟಿ ಹತ್ತುವ ಗಾಡಿಗೂ, ಖಾಲಿ ಇಳಿದು ಬರುವ ಅದೇ ಗಾಡಿಗೂ ಮೈಲೇಜ್ ಒಂದೇ ಇರುವುದಿಲ್ಲ, ಅಲ್ವಾ? ಎರಡನ್ನೂ ಕಲಸಿ ಸರಾಸರಿ ತೆಗೆದರೆ ನಿಮಗೂ ಏನೂ ತಿಳಿಯುವುದಿಲ್ಲ, ಸಾಫ್ಟ್‌ವೇರ್‌ಗೂ ತಿಳಿಯುವುದಿಲ್ಲ. ಎಐ ಕಲಿಯುವುದು ನೀವು ಕೊಟ್ಟ ಲೆಕ್ಕದಿಂದಲೇ. ಲೆಕ್ಕ ತಪ್ಪಿದ್ದರೆ ಅದು ತಪ್ಪನ್ನೇ ಚೆನ್ನಾಗಿ ಕಲಿಯುತ್ತದೆ.

ಇನ್ನೊಂದು ಮಾತು. ನಿಮ್ಮ ಗಾಡಿಯಲ್ಲಿ ಈಗಾಗಲೇ ಏನಿದೆ ಅಂತ ನೋಡಿ. ಟಾಟಾದ ಫ್ಲೀಟ್ ಎಡ್ಜ್, ಅಶೋಕ್ ಲೇಲ್ಯಾಂಡ್‌ನ ಐ-ಅಲರ್ಟ್, ಭಾರತ್‌ಬೆಂಜ್‌ನ ಟ್ರಕ್‌ಕನೆಕ್ಟ್ ತರಹದವು ಎಷ್ಟೋ ಹೊಸ ಗಾಡಿಗಳಿಗೆ ಕಂಪನಿಯಿಂದಲೇ ಬಂದಿರುತ್ತವೆ. ಡೆಲಿವರಿ ದಿನ ಶೋರೂಮಿನವರು ಫೋನಿಗೆ ಆ್ಯಪ್ ಹಾಕಿಕೊಟ್ಟಿರುತ್ತಾರೆ, ಆಮೇಲೆ ಅದನ್ನು ಯಾರೂ ತೆರೆದೇ ಇರುವುದಿಲ್ಲ. ಮೊದಲು ಅದನ್ನು ತೆರೆಯಿರಿ. ಬಿಎಸ್3 ಅನ್ನುವ ಹಳೇ ಹೊಗೆ ನಿಯಮದ ಗಾಡಿಗಳಿಗೆ ಮಾತ್ರ ಹೊರಗಿನ ಡಿವೈಸ್, ಬೇರೆ ಸೆನ್ಸರ್ ಬೇಕಾಗಬಹುದು.

ಡೀಸೆಲ್: ಅಲರ್ಟ್ ಓದುವುದನ್ನು ಕಲಿಯಿರಿ

ಲಾರಿ ಓಡಿಸುವ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್‌ದೇ. ಅದಕ್ಕೇ ಇಲ್ಲಿಂದ ಶುರು ಮಾಡಿ, ಅದೂ ಎರಡು ಮೂರು ಗಾಡಿಗೆ ಮಾತ್ರ. ಟ್ಯಾಂಕಿನೊಳಗೆ ಇಳಿಸುವ ಕಡ್ಡಿಯಂಥ ಸೆನ್ಸರ್ ಹಾಕಿಸುತ್ತೀರಿ ಅಂದುಕೊಳ್ಳಿ. ಹಾಕುವ ದಿನ ನೀವೇ ಪಕ್ಕದಲ್ಲಿ ನಿಲ್ಲಿ. ಟ್ಯಾಂಕ್ ಖಾಲಿ ಮಾಡಿ, 20 ಲೀಟರ್‌ನಂತೆ ಅಳೆದು ಹಾಕುತ್ತಾ, ಪ್ರತಿ ಸಲ ಸೆನ್ಸರ್ ಏನು ತೋರಿಸುತ್ತದೆ ಅಂತ ಬರೆದುಕೊಂಡು ಕ್ಯಾಲಿಬ್ರೇಷನ್ ಮಾಡಬೇಕು, ಯಾಕಂದರೆ ಟ್ಯಾಂಕ್ ಮೇಲಿಂದ ಕೆಳಗಿನವರೆಗೆ ಒಂದೇ ಅಳತೆಯಲ್ಲಿ ಇರುವುದಿಲ್ಲ. ಅರ್ಧ ದಿನದ ಕೆಲಸ ಅದು. ಫಿಟ್ಟಿಂಗ್‌ಗೆ ಬಂದ ಹುಡುಗ "ಸರ್, ಕಂಪನಿ ಸೆಟ್ಟಿಂಗೇ ಸಾಕು" ಅಂದರೆ ಒಪ್ಪಬೇಡಿ. ಇಲ್ಲಿ ಆಗುವ ತಪ್ಪೇ ಮುಂದೆ ಡ್ರೈವರ್ ತಲೆ ಮೇಲೆ ಬೀಳುವುದು.

ಈಗ ರಾತ್ರಿ ನಿಮ್ಮ ಫೋನಿಗೆ ಒಂದು ಅಲರ್ಟ್ ಬರುತ್ತದೆ: ಶಿರಾಡಿ ಘಾಟಿ ಬುಡದ ಗುಂಡ್ಯ ದಾಟಿದ ಮೇಲೆ ಡೀಸೆಲ್ 25 ಲೀಟರ್ ಕಡಿಮೆಯಾಗಿದೆ. ತಕ್ಷಣ ಫೋನ್ ಎತ್ತಬೇಡಿ. ಗ್ರಾಫ್ ತೆರೆದು ಮೂರು ವಿಷಯ ನೋಡಿ. ಗಾಡಿ ನಿಂತಿತ್ತಾ, ಓಡುತ್ತಿತ್ತಾ? ಇಗ್ನಿಷನ್ ಆನ್ ಇತ್ತಾ, ಆಫ್ ಇತ್ತಾ? ಕೆಳಗೆ ಬಿದ್ದ ಗೆರೆ ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಮೇಲೆ ಬಂತಾ? ಘಾಟಿ ಹತ್ತುವಾಗ ಗಾಡಿ ಓರೆಯಾಗಿ ಡೀಸೆಲ್ ಟ್ಯಾಂಕಿನ ಒಂದು ಬದಿಗೆ ಸರಿಯುತ್ತದೆ, ಸೆನ್ಸರ್ ಕಡಿಮೆ ತೋರಿಸುತ್ತದೆ, ಸಕಲೇಶಪುರದ ಹತ್ತಿರ ರಸ್ತೆ ಸಮವಾದ ಮೇಲೆ ಮತ್ತೆ ಸರಿಯಾಗುತ್ತದೆ. ಅದು ಕಳ್ಳತನ ಅಲ್ಲ. ಡೀಸೆಲ್ ತೆಗೆದಿದ್ದರೆ ಗೆರೆ ಬೇರೆ ತರಹ ಇರುತ್ತದೆ. ಗಾಡಿ ನಿಂತಿರುತ್ತದೆ, ಸಾಮಾನ್ಯವಾಗಿ ಎಂಜಿನ್ ಆಫ್ ಇರುತ್ತದೆ, ಕೆಲವೇ ನಿಮಿಷದಲ್ಲಿ ಗೆರೆ ನೇರ ಕೆಳಗೆ ಇಳಿದು ಅಲ್ಲೇ ನಿಲ್ಲುತ್ತದೆ.

ಹಳೇ ಅಲಾರಂಗೆ ಈ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಇಷ್ಟು ಲೀಟರ್ ಇಳಿದರೆ ಕೂಗಬೇಕು, ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಒಳ್ಳೆ ಎಐ ಸಿಸ್ಟಂ ಏರು, ವೇಗ, ಎಂಜಿನ್ ಸ್ಥಿತಿ, ಅದೇ ಜಾಗದಲ್ಲಿ ಹಿಂದಿನ ಟ್ರಿಪ್‌ಗಳಲ್ಲಿ ಆದದ್ದು, ಎಲ್ಲ ಸೇರಿಸಿ ನೋಡಿ ಸುಳ್ಳು ಅಲರ್ಟ್ ತಾನೇ ತಡೆಯುತ್ತದೆ. ನೀವು ಕೊಳ್ಳುತ್ತಿರುವ ಸಿಸ್ಟಂ ನಿಜವಾಗಿ ಕಲಿಯುತ್ತದಾ, ಸುಮ್ನೆ ಹೆಸರಿಗೆ ಎಐ ಅಂತ ಇದೆಯಾ ಅಂತ ತಿಳಿಯಲು ಇದೇ ಪರೀಕ್ಷೆ: ಟ್ರಯಲ್ ಗಾಡಿಯನ್ನು ಲೋಡ್ ಸಮೇತ ಘಾಟಿ ಹತ್ತಿಸಿ ನೋಡಿ. ಘಾಟಿಯಲ್ಲಿ ನೆಟ್‌ವರ್ಕ್ ಹೋದಾಗಿನ ಡೇಟಾವನ್ನು ಡಿವೈಸ್ ಇಟ್ಟುಕೊಂಡು ಆಮೇಲೆ ಕಳಿಸುತ್ತದಾ ಅನ್ನುವುದೂ ಅದೇ ಟ್ರಿಪ್ಪಿನಲ್ಲಿ ಗೊತ್ತಾಗುತ್ತದೆ.

ಕಳ್ಳತನ ಬಿಟ್ಟು ಇನ್ನೂ ಎರಡು ಕಡೆ ಡೀಸೆಲ್ ಸೋರುತ್ತದೆ. ಒಂದು ಬಂಕ್. ಬಿಲ್ಲಿನಲ್ಲಿ ಇರುವ ಲೀಟರ್‌ಗೂ ಟ್ಯಾಂಕಿನಲ್ಲಿ ಏರಿದ ಲೀಟರ್‌ಗೂ ಒಂದೇ ಬಂಕಿನಲ್ಲಿ ಮತ್ತೆ ಮತ್ತೆ ವ್ಯತ್ಯಾಸ ಬಂದರೆ ಬಂಕ್ ಬದಲಾಯಿಸಿ. ಇನ್ನೊಂದು, ನಿಂತಲ್ಲೇ ಎಂಜಿನ್ ಓಡುವುದು. ದೊಡ್ಡ ಲಾರಿ ಗಂಟೆಗೆ ಹತ್ತಿರ ಹತ್ತಿರ 2 ಲೀಟರ್ ಹೀಗೇ ಸುಡುತ್ತದೆ. ಆದರೆ ಯಾಕೆ ಓಡಿತು ಅಂತ ಕೇಳಿ. ಗೋಡೌನ್ ಮುಂದೆ ಅನ್‌ಲೋಡಿಂಗ್ ಸಾಲಿನಲ್ಲಿ ಮೂರು ಗಂಟೆ ಹೆಜ್ಜೆ ಹೆಜ್ಜೆಗೂ ಗಾಡಿ ಸರಿಸಬೇಕಾಗಿ ಬಂದಿದ್ದರೆ ಅದು ಡ್ರೈವರ್ ತಪ್ಪಲ್ಲ. ಆ ರಿಪೋರ್ಟ್ ಹಿಡಿದು ಪಾರ್ಟಿಯ (ಸರಕಿನವರ) ಹತ್ತಿರ ಗಾಡಿ ಕಾಯಿಸಿದ್ದಕ್ಕೆ ಹಾಲ್ಟಿಂಗ್ ಚಾರ್ಜ್ ಕೇಳಿ.

ಕ್ಯಾಮೆರಾ ಹಾಕುವ ಮುಂಚೆ ಡ್ರೈವರ್ ಜೊತೆ ಕೂತು ಮಾತಾಡಿ

ಒಳಗಿನ ಕ್ಯಾಮೆರಾ ಡ್ರೈವರ್‌ನ ಕಣ್ಣು ನೋಡುತ್ತದೆ. ರೆಪ್ಪೆ ಎಷ್ಟು ಹೊತ್ತು ಮುಚ್ಚಿತ್ತು, ತಲೆ ಜೋಲಿತಾ, ಫೋನ್ ಕಿವಿಯಲ್ಲಿದೆಯಾ ಅಂತ ಗುರುತಿಸಿ ಕ್ಯಾಬಿನ್‌ನಲ್ಲೇ ಬೀಪ್ ಮಾಡುತ್ತದೆ. ಹೊರಗಿನದು ಮುಂದಿನ ಗಾಡಿಗೆ ಎಷ್ಟು ಹತ್ತಿರ ಹೋದಿರಿ ಅಂತ ಎಚ್ಚರಿಸುತ್ತದೆ. ನಾಗಪುರದಲ್ಲಿ 2021ರಲ್ಲಿ ಶುರುವಾದ ಐರಾಸ್ತೆ ಯೋಜನೆಯಲ್ಲಿ ಸಿಟಿ ಬಸ್ಸುಗಳಿಗೆ ಇಂಥ ಎಚ್ಚರಿಕೆಯ ಉಪಕರಣ ಹಾಕಿದರು. ಎಚ್ಚರಿಕೆ ಯಾವ ಜಾಗದಲ್ಲಿ ಜಾಸ್ತಿ ಬರುತ್ತದೆ ಅನ್ನುವುದರಿಂದ ಅಪಾಯದ ರಸ್ತೆಗಳನ್ನೂ ಗುರುತಿಸಲು ನೋಡಿದರು. ನೀವೂ ಹಾಗೇ ಮಾಡಬಹುದು. ಎಲ್ಲ ಡ್ರೈವರ್‌ಗಳಿಗೂ ಒಂದೇ ತಿರುವಿನಲ್ಲಿ ಬೀಪ್ ಆಗುತ್ತಿದ್ದರೆ ತೊಂದರೆ ಇರುವುದು ತಿರುವಿನಲ್ಲಿ.

ನನ್ನ ಅಭಿಪ್ರಾಯದಲ್ಲಿ ಇಡೀ ಸಿಸ್ಟಂನಲ್ಲಿ ಜೀವ ಉಳಿಸುವುದು ಈ ನಿದ್ದೆಯ ಅಲರ್ಟ್ ಒಂದೇ, ಮತ್ತು ಮಾಲೀಕರು ಹೆಚ್ಚು ಹಾಳು ಮಾಡುವುದೂ ಇದನ್ನೇ. ಬೆಳಗಿನ ಜಾವ 3ಕ್ಕೆ ಅಲರ್ಟ್ ಬಂದರೆ ಬೈಯಬೇಡಿ. "ಅಣ್ಣಾ, ಮುಂದೆ ಡಾಬಾ ಹತ್ತಿರ ಹಾಕಿ ಎರಡು ಗಂಟೆ ಮಲಗಿ, ಪಾರ್ಟಿಗೆ ನಾನು ಹೇಳ್ತೀನಿ" ಅನ್ನಿ. ಹಾಗೆ ಹೇಳಿದ ಮೇಲೆ ಪಾರ್ಟಿಗೆ ನಿಜವಾಗಿ ಹೇಳಿ. ದಿನಕ್ಕೆ 8 ಗಂಟೆ ಕೆಲಸ ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ನಿಯಮ ಇದೆ. ಅದನ್ನು ಗಾಳಿಗೆ ತೂರಿ ಟ್ರಿಪ್ ಹಾಕಿ, ನಿದ್ದೆ ಬಂತು ಅಂತ ಬಾಟಾದಲ್ಲಿ (ಡ್ರೈವರ್ ಭತ್ಯೆಯಲ್ಲಿ) ಹಿಡಿದರೆ ಅದು ಅನ್ಯಾಯ. ಹಾಗೆ ಮಾಡಿದರೆ ಡ್ರೈವರ್ ಕ್ಯಾಮೆರಾಗೆ ಟವೆಲ್ ನೇತು ಹಾಕುತ್ತಾನೆ, ಮತ್ತೇನು ಮಾಡುತ್ತಾನೆ?

ಹಾಕಿಸುವ ಮುಂಚೆ ಕನ್ನಡದಲ್ಲಿ, ಅಥವಾ ಅವರಿಗೆ ಬರುವ ಭಾಷೆಯಲ್ಲಿ, ಒಂದು ಪುಟ ಬರೆದು ಓದಿ ಹೇಳಿ: ಏನು ರೆಕಾರ್ಡ್ ಆಗುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನ ಇರುತ್ತದೆ. ಗಾಡಿ ಹಾಕಿ ಮಲಗಿದಾಗ ಒಳಗಿನ ಕ್ಯಾಮೆರಾ ಆಫ್ ಆಗಬೇಕು. ಅವರು ಬದುಕುವ ಜಾಗ ಅದು. ಉಳಿತಾಯವಾದ ಡೀಸೆಲ್‌ನ ದುಡ್ಡಿನಲ್ಲಿ ಡ್ರೈವರ್‌ಗೂ ಒಂದು ಪಾಲು ಇಡಿ. ಆಗ ಅವರೇ ಗೇರ್, ಬ್ರೇಕ್ ನೋಡಿ ಓಡಿಸುತ್ತಾರೆ.

ರಿಪೇರಿ, ರೂಟು

ಏಪ್ರಿಲ್ 2020ರಿಂದ ಬಂದ ಬಿಎಸ್6 ಗಾಡಿಗಳಲ್ಲಿ ಎಂಜಿನ್‌ನ ಮಾಹಿತಿ ಬೇಕಾದಷ್ಟು ಸಿಗುತ್ತದೆ. ಅದರಲ್ಲಿ ಒಂದು ದಿನದ ನಂಬರ್‌ಗಿಂತ ನಂಬರ್ ಯಾವ ಕಡೆ ಸರಿಯುತ್ತಿದೆ ಅನ್ನುವುದು ಮುಖ್ಯ. ಅದೇ ಘಾಟಿ, ಅದೇ ಲೋಡ್, ಆದರೆ ಕೂಲೆಂಟ್ ಬಿಸಿ ಹೋದ ತಿಂಗಳಿಗಿಂತ ಸ್ವಲ್ಪ ಸ್ವಲ್ಪ ಏರುತ್ತಿದೆ ಅಂದರೆ ರೇಡಿಯೇಟರ್, ಫ್ಯಾನ್ ಬೆಲ್ಟ್ ನೋಡಿಸಿ. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ದಿನೇ ದಿನೇ ಕುಸಿಯುತ್ತಿದ್ದರೆ ಬ್ಯಾಟರಿ ನೋಡಿಸಿ. ಇಂಥ ನಿಧಾನದ ಬದಲಾವಣೆ ಮನುಷ್ಯರ ಕಣ್ಣಿಗೆ ಬೀಳುವುದು ಕಷ್ಟ, ಎಐಗೆ ಸುಲಭ. ಸೈಲೆನ್ಸರ್‌ನ ಡಿಪಿಎಫ್ ಫಿಲ್ಟರ್ ಮಸಿ ಕಟ್ಟುತ್ತಿದೆ ಅಂತ ಬಂದರೆ ಮುಂದೂಡಬೇಡಿ. ಹೊಗೆ ಶುದ್ಧ ಮಾಡಲು ಹಾಕುವ, ಡ್ರೈವರ್‌ಗಳು ಯೂರಿಯಾ ಅಂತ ಕರೆಯುವ ಡಿಇಎಫ್ ದ್ರವ ಕಳಪೆ ಇದ್ದರೂ ಗಾಡಿ ಪಿಕಪ್ ಕಳೆದುಕೊಂಡು ದಾರಿಯಲ್ಲೇ ತೆವಳುತ್ತದೆ. ಹೀಗೆ ಗಾಡಿ ನಿಂತು ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಅವಧಿ ಮುಗಿಯುತ್ತದೆ ಅನ್ನಿಸಿದರೆ, ಮುಗಿಯುವ 8 ಗಂಟೆ ಮುಂಚಿನಿಂದ 8 ಗಂಟೆ ಆದ ಮೇಲಿನವರೆಗೆ ವಿಸ್ತರಿಸಲು ಅವಕಾಶ ಇದೆ. ಸಾಮಾನ್ಯ ಸರಕಿಗೆ 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕ. ಗಾಡಿ ಎಷ್ಟೊತ್ತಿಗೆ ತಲುಪುತ್ತದೆ ಅಂತ ಸಾಫ್ಟ್‌ವೇರ್ ಹೇಳುವುದನ್ನು ಇದಕ್ಕೆ ಬಳಸಿಕೊಳ್ಳಿ.

ರೂಟಿನ ವಿಷಯದಲ್ಲಿ ಮಾತ್ರ ಡ್ರೈವರ್ ಮಾತೇ ಕೊನೆ. ಕಾರಿನ ಮ್ಯಾಪ್ ಆಗುಂಬೆ ಮೇಲೆ ದಾರಿ ತೋರಿಸುತ್ತದೆ, ಅಲ್ಲಿ ಭಾರಿ ವಾಹನ ಬಿಡುವುದಿಲ್ಲ.

ಆ್ಯಪ್ ಬೇಡ ಅನ್ನುವವರಿಗೆ

ಎಕ್ಸೆಲ್‌ನಲ್ಲಿ ಟ್ರಿಪ್ ಶೀಟ್ ಇದ್ದರೆ ಅದನ್ನು ಚಾಟ್‌ಜಿಪಿಟಿ, ಜೆಮಿನಿ ತರಹದ್ದಕ್ಕೆ ಹಾಕಿ ಕನ್ನಡದಲ್ಲೇ ಕೇಳಬಹುದು. "ಲೋಡ್ ಇದ್ದ ಟ್ರಿಪ್‌ಗಳಲ್ಲಿ ಒಂದೊಂದು ರೂಟಿಗೂ ಪ್ರತಿ ಗಾಡಿಯ ಮೈಲೇಜ್ ತೆಗೆ. ಯಾವ ಟ್ರಿಪ್ ಆ ಗಾಡಿಯ ಸರಾಸರಿಗಿಂತ ತುಂಬಾ ಕಡಿಮೆ ಇದೆ ತೋರಿಸು, ಲೆಕ್ಕ ಹೇಗೆ ಮಾಡಿದೆ ಅಂತಲೂ ಹೇಳು." ಡ್ರೈವರ್ ಹೆಸರು, ಫೋನ್ ನಂಬರ್ ತೆಗೆದು ಹಾಕಿ. ಬಂದ ಉತ್ತರದಲ್ಲಿ ಎರಡು ಮೂರು ಸಾಲನ್ನು ಕ್ಯಾಲ್ಕುಲೇಟರ್ ಹಿಡಿದು ನೀವೇ ತಾಳೆ ನೋಡಿ, ಯಾಕಂದರೆ ಇವು ಒಮ್ಮೊಮ್ಮೆ ತಪ್ಪು ಲೆಕ್ಕವನ್ನೂ ಧೈರ್ಯವಾಗಿ ಹೇಳುತ್ತವೆ.

ಇನ್ನು ಮಾರುವವರ ಹತ್ತಿರ ಸಹಿ ಹಾಕುವ ಮುಂಚೆ ಬರವಣಿಗೆಯಲ್ಲಿ ಕೇಳಬೇಕಾದ್ದು: ಎರಡನೇ ವರ್ಷದಿಂದ ಎಷ್ಟು ಕಟ್ಟಬೇಕು, ಸಿಮ್ ಚಾರ್ಜ್ ಯಾರದು, ಸೆನ್ಸರ್ ಕೆಟ್ಟರೆ ಎಷ್ಟು ದಿನದಲ್ಲಿ ಬಂದು ನೋಡುತ್ತಾರೆ, ನಾವು ಬಿಟ್ಟರೆ ನಮ್ಮ ಡೇಟಾ ಎಕ್ಸೆಲ್‌ನಲ್ಲಿ ಕೊಡುತ್ತಾರಾ, ನಮ್ಮ ರೂಟು–ಬಾಡಿಗೆ ಮಾಹಿತಿಯನ್ನು ಬೇರೆಯವರಿಗೆ ಮಾರುತ್ತಾರಾ. ಟ್ರಯಲ್ ಗಾಡಿಗಳ ಮೈಲೇಜನ್ನು ನಿಮ್ಮ ಹಳೇ ಫುಲ್ ಟ್ಯಾಂಕ್ ಲೆಕ್ಕದ ಪಕ್ಕ ಇಟ್ಟು ನೋಡಿ, ಉಳಿತಾಯವಾದ ಡೀಸೆಲ್ ದುಡ್ಡು ತಿಂಗಳ ಚಾರ್ಜ್‌ಗಿಂತ ಜಾಸ್ತಿ ಇದ್ದರೆ ಮಾತ್ರ ಉಳಿದ ಗಾಡಿಗಳಿಗೆ ಹಾಕಿಸಿ.