ದೊಡ್ಡಪ್ಪನ ಬಿಎಸ್‌ಎ ಮತ್ತು ಮಗಳ ಹೇರ್ ಡ್ರೈಯರ್

ಕೈಮರದ ಚೆಕ್‌ಪೋಸ್ಟ್ ದಾಟಿ ಏರು ಶುರುವಾಗಿ ನಾಲ್ಕೈದು ತಿರುವು ಆಗಿರಬೇಕು. ಗಾಡಿ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಸುಮ್ಮನಾಯಿತು. ಕಿಕ್ಕರ್ ತುಳಿದು ತುಳಿದು ಬಲಗಾಲು ಸೋತಿತು. ಮುಳ್ಳಯ್ಯನಗಿರಿಗೆ ಹೊರಟಿದ್ದ ಕಾರೊಂದು ನಿಂತಿತು. ಸಹಾಯಕ್ಕೆ ಬಂದರೇನೋ ಅಂದುಕೊಂಡೆ. ಇಳಿದವರು ಗಾಡಿ ಜೊತೆ ನಾಲ್ಕು ಫೋಟೊ ತೆಗೆಸಿಕೊಂಡು ಹೋದರು. ನಾನು ಮೋರಿ ಕಟ್ಟೆ ಮೇಲೆ ಕೂತು ಫ್ಲಾಸ್ಕ್‌ನಲ್ಲಿದ್ದ ಕಾಫಿ ಕುಡಿದೆ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ತುಳಿದರೆ ಒಂದೇ ಕಿಕ್. ಏನೂ ಆಗೇ ಇಲ್ಲ ಅನ್ನೋ ಹಾಗೆ ಡುಗುಡುಗು ಶುರು.

ಹೀಗೆ ಶುರುವಾದ ರೋಗ ಹಿಡಿಯೋಕೆ ನನಗೆ ಏಳು ತಿಂಗಳು ಬೇಕಾಯಿತು. ನನಗೆ ಅಂದರೆ ನಮಗೆ. ಒಬ್ಬನೇ ಆಗಿದ್ದರೆ ಇವತ್ತಿಗೂ ಮೋರಿ ಕಟ್ಟೆ ಮೇಲೆ ಕೂತಿರುತ್ತಿದ್ದೆ.

ಗಾಡಿ ದೊಡ್ಡಪ್ಪನದು. ಬಿಎಸ್‌ಎ ಎಂ20, 496 ಸಿಸಿ, ಒಂದೇ ಸಿಲಿಂಡರ್. ಬಿಎಸ್‌ಎ ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಬಂದೂಕು ಮಾಡುತ್ತಿದ್ದ ಕಂಪನಿ. ಅದರ ಗುರುತೇ ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕು. ಎರಡನೇ ಮಹಾಯುದ್ಧದ ಹೊತ್ತಲ್ಲಿ ಸೈನ್ಯಕ್ಕೆ ಅಂತ ಈ ಎಂ20 ಗಾಡಿಗಳನ್ನು ಲಕ್ಷಕ್ಕೂ ಮೀರಿ ಮಾಡಿದರು. ನಮ್ಮದರ ನಂಬರು ‘ಡಬ್ಲ್ಯೂಎಂ20’ ಅಂತ ಶುರುವಾಗುತ್ತದೆ. ಆ ಡಬ್ಲ್ಯೂ ಅಂದರೆ ವಾರ್, ಯುದ್ಧದ ಕಾಲದ್ದು. ದೊಡ್ಡಪ್ಪ ಇದನ್ನು ಆಲ್ದೂರಿನ ಕಡೆಯ ಎಸ್ಟೇಟೊಂದರಿಂದ ಕೊಂಡಿದ್ದರು. ಅವರು ಹೋದ ಮೇಲೆ ಹತ್ತು ವರ್ಷ ಕಾಳುಮೆಣಸಿನ ಮೂಟೆಗಳ ಹಿಂದೆ ನಿಂತಿತ್ತು. ನನ್ನ ಮನೆಗೆ ಬಂದಾಗ ಸೀಟಿನ ಕೆಳಗೆ ಇಲಿ ಸಂಸಾರ ಹೂಡಿತ್ತು.

ಸ್ಟಾರ್ಟ್ ಮಾಡೋದೇ ಒಂದು ಪೂಜೆ. ಮೊದಲು ಪೆಟ್ರೋಲ್ ಕಾಕ್ ತೆರೆಯಬೇಕು. ಕಾರ್ಬೊರೇಟರ್ ಮೇಲಿನ ಸಣ್ಣ ಗುಂಡಿಯನ್ನು ಪೆಟ್ರೋಲ್ ಜಿನುಗೋವರೆಗೆ ಒತ್ತಬೇಕು. ಹ್ಯಾಂಡಲ್ ಮೇಲಿನ ಪುಟ್ಟ ಲಿವರ್‌ನಿಂದ ಕಿಡಿಯ ಟೈಮಿಂಗ್ ಹಿಂದಕ್ಕೆ ಇಡಬೇಕು. ಇದನ್ನು ಮರೆತರೆ ಕಿಕ್ಕರ್ ತಿರುಗಿ ಒದೆಯುತ್ತದೆ. ದೊಡ್ಡಪ್ಪ ಒಂದು ಮಳೆಗಾಲ ಪೂರ್ತಿ ಕುಂಟಿದ್ದು ಅದಕ್ಕೇ. ಆಮೇಲೆ ವಾಲ್ವ್ ಎತ್ತೋ ಲಿವರ್ ಹಿಡಿದು ಪಿಸ್ಟನ್ನನ್ನು ಮೆಲ್ಲಗೆ ಮೇಲಿನ ತುದಿ ದಾಟಿಸಿ, ಲಿವರ್ ಬಿಟ್ಟು, ಒಂದೇ ಸಲ ಮನಸ್ಸಿಟ್ಟು ತುಳಿಯಬೇಕು. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಹಾಗಾಗಿ ಬೇರೆ ಯಾರೂ ಸಾಲ ಕೇಳೋದಿಲ್ಲ, ಅದೊಂದು ಅನುಕೂಲ.

ಈಗ ರೋಗಕ್ಕೆ ಬರೋಣ. ತಣ್ಣಗಿದ್ದಾಗ ಒಂದೆರಡು ಕಿಕ್‌ಗೆ ಸ್ಟಾರ್ಟ್. ಇಪ್ಪತ್ತು ಇಪ್ಪತ್ತೈದು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಕೆಮ್ಮು, ಮೌನ. ಆರಿದ ಮೇಲೆ ಮತ್ತೆ ಸ್ಟಾರ್ಟ್.

ಮೊದಲು ತೋರಿಸಿದ್ದು ಮೂಡಿಗೆರೆ ಕಡೆಯ ಒಬ್ಬ ಗೌಡರಿಗೆ. ಅವರ ಹತ್ತಿರ ಮ್ಯಾಚ್‌ಲೆಸ್ ಜಿ3ಎಲ್ ಇದೆ, ಅದೂ ಸೈನ್ಯದ್ದೇ. ನನ್ನ ಗಾಡಿಯ ಮುಂದೆ ಹಳೇ ಕಾಲದ ಗರ್ಡರ್ ಫೋರ್ಕ್, ಅವರದಕ್ಕೆ ಯುದ್ಧದ ಕಾಲಕ್ಕೇ ಟೆಲಿಸ್ಕೋಪಿಕ್ ಫೋರ್ಕ್ ಬಂದಿತ್ತು. ಸಿಕ್ಕಾಗೆಲ್ಲ ಅದನ್ನು ಒಮ್ಮೆ ನೆನಪಿಸುತ್ತಾರೆ. ಅವರು ನೋಡಿ ಹೇಳಿದ್ದು ಒಂದೇ ಮಾತು: ‘ಪೆಟ್ರೋಲ್ ಕಣಯ್ಯಾ. ಈಗಿನ ಪೆಟ್ರೋಲ್‌ಗೆ ಎಥನಾಲ್ ಸೇರಿಸ್ತಾರೆ, ಬಿಸಿಗೆ ಆವಿಯಾಗಿ ಪೈಪಲ್ಲೇ ಕೂರುತ್ತೆ.’ ಸರಿ ಅನ್ನಿಸಿತು. ಸೈಡ್ ವಾಲ್ವ್ ಇಂಜಿನ್ ಬೇರೆ. ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲೇ ಇರುತ್ತವೆ, ಏರಿನಲ್ಲಿ ಒಲೆಯ ಹಾಗೆ ಕಾಯುತ್ತದೆ. ಪೆಟ್ರೋಲ್ ಪೈಪ್ ಬದಲಾಯಿಸಿ ಇಂಜಿನ್‌ನಿಂದ ದೂರ ಎಳೆದೆ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿದೆಯಾ ಅಂತ ನೋಡಿದೆ. ಮುಚ್ಚಳ ಸಡಿಲ ಬಿಟ್ಟೇ ಓಡಿಸಿದೆ. ಪ್ಯಾಂಟಿಗೆ ಪೆಟ್ರೋಲ್ ಚೆಲ್ಲಿತು, ರೋಗ ಹೋಗಲಿಲ್ಲ.

ಆಮೇಲೆ ನಮ್ಮೂರಿನ ಹಳೇ ಮೇಸ್ತ್ರಿ. ಎಪ್ಪತ್ತು ದಾಟಿದ್ದಾರೆ, ಕೈ ನಡುಗುತ್ತದೆ. ಆದರೆ ಸ್ಕ್ರೂ ಡ್ರೈವರ್ ಹಿಡಿದ ತಕ್ಷಣ ನಡುಕ ನಿಲ್ಲುತ್ತದೆ. ‘ಕಾರ್ಬೊರೇಟರ್ ಸಾರ್, ಸ್ಲೈಡ್ ಸವೆದಿದೆ, ಬಿಸಿಗೆ ಗಾಳಿ ಎಳೀತದೆ’ ಅಂದರು. ಸ್ಲೈಡ್ ನಿಜಕ್ಕೂ ಸವೆದಿತ್ತು. ಹೊಸದು ತರಿಸಿ ಹಾಕಿದೆವು. ಐಡ್ಲಿಂಗ್ ಗಡಿಯಾರದ ಹಾಗೆ ಆಯಿತು. ಇಪ್ಪತ್ತೆರಡನೇ ನಿಮಿಷಕ್ಕೆ ಗಾಡಿ ನಿಂತಿತು.

ಇಷ್ಟರಲ್ಲಿ ನನಗೆ ಒಂದು ವಿಷಯ ಹೊಳೆದಿತ್ತು. ಗೌಡರಿಗೆ ಹಿಂದೊಮ್ಮೆ ಪೆಟ್ರೋಲ್‌ನಿಂದ ತೊಂದರೆ ಆಗಿತ್ತು, ಅವರು ಪೆಟ್ರೋಲ್ ಅಂದರು. ಮೇಸ್ತ್ರಿ ಜೀವನವಿಡೀ ಕಾರ್ಬೊರೇಟರ್ ಬಿಚ್ಚಿದವರು, ಅವರು ಕಾರ್ಬೊರೇಟರ್ ಅಂದರು. ನಾನೂ ಕಮ್ಮಿಯಿಲ್ಲ. ಏರಲ್ಲಿ ನಿಂತಿದ್ದನ್ನು ಮೊದಲು ಕಂಡವನು, ಹಾಗಾಗಿ ತಪ್ಪೆಲ್ಲ ಏರಿನದೇ ಅಂತ ನಂಬಿದ್ದೆ. ನಂಬಿಕೆ ಪರೀಕ್ಷೆ ಮಾಡೋಣ ಅಂತ ಒಂದು ಭಾನುವಾರ ಕಡೂರು ರಸ್ತೆ ಹಿಡಿದೆ. ಅಲ್ಲಿ ಹೇಳಿಕೊಳ್ಳೋ ಏರೇ ಇಲ್ಲ. ಗಾಡಿ ಅಲ್ಲೂ ನಿಂತಿತು. ಅದೇ ಇಪ್ಪತ್ತು ಚಿಲ್ಲರೆ ನಿಮಿಷ. ಅವತ್ತಿನಿಂದ ಒಂದು ಪಾಕೆಟ್ ಪುಸ್ತಕ ಇಟ್ಟೆ. ಯಾವ ಹೊತ್ತು, ಎಷ್ಟು ನಿಮಿಷ, ನಿಂತಾಗ ಪ್ಲಗ್ ಹೇಗಿತ್ತು, ಎಲ್ಲ ಬರೆದೆ. ನಾನು ಲೆಕ್ಕ ಬರೆಯೋ ಕೆಲಸದವನು, ಅದೊಂದೇ ನನಗೆ ಬರೋದು.

ಮೂರು ಸಲ ಬರೆದ ಮೇಲೆ ಒಂದು ಸಾಲು ಕಣ್ಣಿಗೆ ಕುಕ್ಕಿತು. ಮೂರೂ ಸಲ ‘ಪ್ಲಗ್ ಒದ್ದೆ’. ಪೆಟ್ರೋಲ್ ಬರದೆ ಗಾಡಿ ನಿಂತಿದ್ದರೆ ಪ್ಲಗ್ ಒಣಗಿರಬೇಕಲ್ವಾ? ಒದ್ದೆ ಇದೆ ಅಂದರೆ ಪೆಟ್ರೋಲ್ ಬರುತ್ತಿದೆ, ಸುಡುತ್ತಿಲ್ಲ. ಆದರೆ ಪ್ಲಗ್ ಬಿಚ್ಚಿ ಸಿಲಿಂಡರ್‌ಗೆ ತಾಗಿಸಿ ತುಳಿದರೆ ಕಿಡಿ ಚೆನ್ನಾಗೇ ಕಾಣುತ್ತಿತ್ತು. ಇಲ್ಲೇ ನಾವೆಲ್ಲ ಮೋಸ ಹೋಗಿದ್ದು. ಪಾನಾ ಹುಡುಕಿ, ಪ್ಲಗ್ ಬಿಚ್ಚಿ, ಒರೆಸಿ ನೋಡೋ ಹೊತ್ತಿಗೆ ಹತ್ತು ನಿಮಿಷ ಆಗಿರುತ್ತಿತ್ತು. ಗಾಡಿ ಅಷ್ಟರಲ್ಲಿ ಆರಿರುತ್ತಿತ್ತು. ಸಾಲದ್ದಕ್ಕೆ, ಬಯಲಲ್ಲಿ ಹಾರೋ ಕಿಡಿ ಸಿಲಿಂಡರ್ ಒಳಗಿನ ಒತ್ತಡದಲ್ಲೂ ಹಾರುತ್ತದೆ ಅಂತ ಏನೂ ಖಾತ್ರಿ ಇಲ್ಲ. ಊರಿಗೆ ಹುಲಿ, ಮನೆಗೆ ಇಲಿ.

ಪುಸ್ತಕದ ಪುಟ ಫೋಟೊ ತೆಗೆದು ಹಾಸನದ ಒಬ್ಬ ಹುಡುಗನಿಗೆ ಕಳಿಸಿದೆ. ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ, ಮನೆಯಲ್ಲಿ ಎರಡು ಹಳೇ ಟ್ರಯಂಫ್ ಬಿಚ್ಚಿ ಹಾಕಿಕೊಂಡಿದ್ದಾನೆ. ಐದು ನಿಮಿಷಕ್ಕೆ ಫೋನ್ ಬಂತು. ‘ಅಣ್ಣಾ, ಮನೇಲಿ ಹೇರ್ ಡ್ರೈಯರ್ ಇದೆಯಾ?’

ಇದೆ, ಮಗಳದು. ಮುಂದಿನ ಭಾನುವಾರ ಅವನು ಬೇಲೂರು ಮೇಲೆ ಬೈಕಿನಲ್ಲೇ ಬಂದ. ಗೌಡರೂ ಬಂದರು, ತಮಾಷೆ ನೋಡೋಕೆ. ಅವನ ಯೋಚನೆ ಸರಳ. ಗಾಡಿ ಓಡಿ ಕಾದರೆ ಎಲ್ಲವೂ ಒಟ್ಟಿಗೆ ಕಾಯುತ್ತದೆ, ಯಾವುದು ಕೈ ಕೊಟ್ಟಿತು ಅಂತ ಗೊತ್ತಾಗೋಲ್ಲ. ಅದಕ್ಕೆ ಇಂಜಿನ್ ತಣ್ಣಗಿರುವಾಗ ಮ್ಯಾಗ್ನೆಟೊ, ಅಂದರೆ ಬ್ಯಾಟರಿ ಇಲ್ಲದೆ ಪ್ಲಗ್‌ಗೆ ಕಿಡಿ ಹುಟ್ಟಿಸೋ ಯಂತ್ರ, ಅದೊಂದನ್ನೇ ಕಾಯಿಸಬೇಕು. ಎಂ20ರಲ್ಲಿ ಅದು ಸಿಲಿಂಡರ್ ಬೆನ್ನಿಗೇ ಕೂತಿದೆ, ಲೂಕಾಸ್ ಮ್ಯಾಗ್‌ಡೈನೊ. ಕೆಳಗೆ ಮ್ಯಾಗ್ನೆಟೊ, ಅದರ ಹೆಗಲ ಮೇಲೆ ದೀಪಕ್ಕೆ ಕರೆಂಟ್ ಮಾಡೋ ಡೈನಮೊ. ಕಾರ್ಬೊರೇಟರ್‌ಗೆ ಬಿಸಿ ತಾಗದ ಹಾಗೆ ಒದ್ದೆ ಬಟ್ಟೆ ಸುತ್ತಿದೆವು. ಮೊದಲು ಒಂದು ಕಿಕ್‌ಗೆ ಸ್ಟಾರ್ಟ್ ಮಾಡಿ ತಕ್ಷಣ ಆರಿಸಿದೆವು, ಸಾಕ್ಷಿಗೆ. ಆಮೇಲೆ ಹದಿನೈದು ನಿಮಿಷ ಡ್ರೈಯರ್. ಮ್ಯಾಗ್ನೆಟೊ ಮೇಲೆ ಕೈ ಇಟ್ಟರೆ ಕಾಫಿ ತುಂಬಿದ ಸ್ಟೀಲ್ ಲೋಟ ಹಿಡಿದ ಹಾಗಿತ್ತು. ‘ತುಳೀರಿ’ ಅಂದ. ತುಳಿದೆ. ಇಲ್ಲ. ಗೌಡರು ತುಳಿದರು. ಇಲ್ಲ. ಹತ್ತು ಸಲ ತುಳಿದರೂ ಒಂದು ಸಣ್ಣ ಪಟ್ ಸದ್ದೂ ಇಲ್ಲ.

ಗಾಡಿ ಸ್ಟಾರ್ಟ್ ಆಗಲಿಲ್ಲ ಅಂತ ನಾನು ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಒಳಗಿನ ಕಾಯಿಲ್ ಕೆಟ್ಟಿದೆಯಾ, ಕಂಡೆನ್ಸರಾ? ಶೆಡ್ಡಿನ ಬಾಗಿಲು ಹಾಕಿ ಕತ್ತಲು ಮಾಡಿದೆವು. ಮ್ಯಾಗ್ನೆಟೊ ಮತ್ತೆ ಬಿಸಿ ಮಾಡಿ, ಪಾಯಿಂಟ್ (ಕೂಡಿ ಬಿಟ್ಟು ಕರೆಂಟ್ ಕಡಿಯೋ ಎರಡು ಲೋಹದ ತುದಿ) ಮುಚ್ಚಳ ತೆಗೆದು, ಗೌಡರು ತುಳಿಯುವಾಗ ನಾನು ಬಗ್ಗಿ ನೋಡಿದೆ. ಎರಡು ಪಾಯಿಂಟ್ ಬಿಡೋ ಜಾಗದಲ್ಲಿ ದಪ್ಪನೆಯ ಬಿಳಿ ಕಿಡಿ ಚಟ್ ಅಂತು. ತಣ್ಣಗಿದ್ದಾಗ ಅಲ್ಲಿ ಕಂಡೂ ಕಾಣದಷ್ಟು ಸಣ್ಣ ನೀಲಿ ಚುಕ್ಕಿ ಇತ್ತು. ಹುಡುಗ ಹೇಳಿದ್ದು ನನಗೆ ಹೀಗೆ ಅರ್ಥವಾಯಿತು: ಗಾಳಿಗೆ ಬಾಗಿಲು ಧಡಾರ್ ಅಂತ ಹಾಕಿಕೊಂಡರೆ ಮನೆ ಅದುರುತ್ತದೆ, ಮೆಲ್ಲಗೆ ಹಾಕಿಕೊಂಡರೆ ಸದ್ದೇ ಇಲ್ಲ. ಪಾಯಿಂಟ್ ಬಿಟ್ಟಾಗ ಕರೆಂಟ್ ಧಡಾರ್ ಅಂತ ನಿಲ್ಲಬೇಕು, ಆಗಲೇ ಪ್ಲಗ್‌ಗೆ ಜೋರಾದ ಕಿಡಿ. ಹಾಗೆ ನಿಲ್ಲಿಸೋದು ಕಂಡೆನ್ಸರ್ ಕೆಲಸ. ಅದು ಬಿಸಿಗೆ ಸೋರಿದರೆ ಕರೆಂಟ್ ಪಾಯಿಂಟ್ ನಡುವೆಯೇ ಹಾರಿ ಮುಗಿಯುತ್ತದೆ, ಪ್ಲಗ್‌ಗೆ ಏನೂ ಉಳಿಯೋಲ್ಲ. ಎಂಬತ್ತು ವರ್ಷದ ಕಂಡೆನ್ಸರ್, ಅದರಲ್ಲಿ ಹತ್ತು ಮಳೆಗಾಲ ಗೋಡೌನಿನ ತೇವ. ಅದನ್ನೂ ಬೈಯೋ ಹಾಗಿಲ್ಲ.

ಬುಲೆಟ್ ತರಹ ಹೊರಗಡೆ ಇದ್ದಿದ್ದರೆ ಐದು ನಿಮಿಷದ ಕೆಲಸ. ಇದು ಮ್ಯಾಗ್ನೆಟೊದಲ್ಲಿ ತಿರುಗೋ ಆರ್ಮೇಚರ್, ಅಂದರೆ ಕಾಯಿಲ್ ಸುತ್ತಿದ ಉರುಳೆ, ಅದರ ಒಳಗೇ ಹೂತಿರುತ್ತದೆ. ಪೂರ್ತಿ ಬಿಚ್ಚಬೇಕು. ಅದನ್ನು ತಿರುಗಿಸೋ ಸಣ್ಣ ಗೇರ್, ಪಿನಿಯನ್, ಕೀಳೋಕೆ ಮೇಸ್ತ್ರಿ ತಮ್ಮ ಪುಲ್ಲರ್ ತಂದರು, ಸುತ್ತಿಗೆ ಮುಟ್ಟಿದರೆ ಎದ್ದು ಹೋಗ್ತೀನಿ ಅಂತ ಮೊದಲೇ ಹೆದರಿಸಿದರು. ಮ್ಯಾಗ್‌ಡೈನೊ ಕೆಳಗೆ ತೆಳು ತಗಡಿನ ಶಿಮ್ ಇದ್ದವು. ಕಸ ಅಂದುಕೊಂಡು ಎಸೆಯಬೇಡಿ. ಗೇರ್ ಹಲ್ಲು ಸರಿಯಾಗಿ ಕೂರೋದು ಅವುಗಳಿಂದಲೇ. ಪಾನಾ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಈ ಗಾಡಿಯ ಬೋಲ್ಟ್‌ಗಳಿಗೆ ನಮ್ಮ ಎಂಎಂ ಪಾನಾ ಕೂರೋಲ್ಲ, ಕೂತ ಹಾಗೆ ಮಾಡಿ ಮೂಲೆ ಸವೆಸುತ್ತದೆ. ವಿಟ್‌ವರ್ತ್ ಪಾನಾ ಬೇಕು. ಅದರ ಮೇಲೆ ಬರೆದಿರೋದು ಬಾಯಿಯ ಅಗಲ ಅಲ್ಲ, ಬೋಲ್ಟಿನ ದಪ್ಪ. ಕಾಲಿಂಚು ಅಂತ ಬರೆದ ಪಾನಾದ ಬಾಯಿ ಅರ್ಧ ಇಂಚಿಗಿಂತ ದೊಡ್ಡದು. ನನ್ನ ಸೆಟ್ ಸಿಕ್ಕಿದ್ದು ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ, ಬೀಗಗಳ ರಾಶಿಯ ಕೆಳಗೆ.

ಅಲ್ಲಿಂದ ಮುಂದೆ ನನ್ನ ಪೆದ್ದುತನ. ಹುಡುಗ ಫೋನಲ್ಲಿ ಎರಡೆರಡು ಸಲ ಹೇಳಿದ್ದ: ‘ಆರ್ಮೇಚರ್ ಎಳೆಯೋ ಮುಂಚೆ ಪಿಕಪ್, ಅರ್ತ್ ಬ್ರಷ್, ಸೇಫ್ಟಿ ಗ್ಯಾಪ್ ಸ್ಕ್ರೂ, ಮೂರನ್ನೂ ಬಿಚ್ಚಿ ಅಣ್ಣಾ.’ ಎರಡು ಬಿಚ್ಚಿದೆ. ಮೂರನೆಯದು ಗ್ರೀಸಿನಲ್ಲಿ ಮುಚ್ಚಿಹೋಗಿತ್ತು. ಎಳೆದೆ. ‘ಟಿಕ್’ ಅಂತು. ಕಡಲೆಬೀಜ ಒಡೆದಷ್ಟೇ ಸದ್ದು. ಕಿಡಿಯ ಕರೆಂಟನ್ನು ಹೊರಗೆ ದಾಟಿಸೋ ಬಳೆ, ಸ್ಲಿಪ್ ರಿಂಗ್, ಅದರ ಅಂಚು ಅರ್ಧಚಂದ್ರದ ಹಾಗೆ ಕೈಗೆ ಬಂತು. ಆವತ್ತು ರಾತ್ರಿ ಊಟ ಸೇರಲಿಲ್ಲ. ಗೌಡರಿಗೆ ಫೋನ್ ಮಾಡಿದರೆ ಮೊದಲು ಐದು ನಿಮಿಷ ನಕ್ಕರು. ಮಾರನೇ ದಿನ ಬಿಸ್ಕತ್ ಡಬ್ಬದಲ್ಲಿ ಒಂದು ಹಾಳಾದ ಮ್ಯಾಗ್‌ಡೈನೊ ಕಳಿಸಿದರು, ಅದರ ಸ್ಲಿಪ್ ರಿಂಗ್ ಚೆನ್ನಾಗಿತ್ತು. ದುಡ್ಡಿನ ಮಾತೆತ್ತಿದರೆ ಬೈದರು.

ಆರ್ಮೇಚರ್ ಬೆಂಗಳೂರಿನ ಒಬ್ಬ ವೈಂಡಿಂಗ್‌ನವರಿಗೆ ಹೋಯಿತು. ಕಾಯಿಲ್ ಹೊಸದಾಗಿ ಸುತ್ತಿ, ಈಗಿನ ಕಾಲದ ಕಂಡೆನ್ಸರ್ ಹಾಕಿಸಿದೆವು. ಒಳಗೆ ಕೈ ಹಾಕಿದ ಮೇಲೆ ಅರ್ಧ ಕೆಲಸ ಮಾಡಿಸೋದು ದಡ್ಡತನ. 9,000 ರೂಪಾಯಿ, ಆರು ವಾರ. ಅಷ್ಟು ದಿನವೂ ಖಾಲಿ ಬಾಡಿಯ ಅಯಸ್ಕಾಂತದ ನಡುವೆ ಒಂದು ಕಬ್ಬಿಣದ ತುಂಡು ಕೂರಿಸಿಟ್ಟಿದ್ದೆ, ಸೆಳೆತ ಕಮ್ಮಿಯಾಗಬಾರದು ಅಂತ.

ವಾಪಸ್ ಬಂದ ಮೇಲೆ ಟೈಮಿಂಗ್. ಪಿನಿಯನ್ ಬರೀ ಟೇಪರ್ (ತುದಿಗೆ ಕಿರಿದಾಗೋ ದಂಡ) ಮೇಲೆ ಕೂರುತ್ತದೆ, ಗುರುತಿಗೆ ಕೀಲಿ ಇಲ್ಲ. ಸೈಡ್ ವಾಲ್ವ್‌ನ ಒಂದು ಸುಖ ಅಂದರೆ ಹೆಡ್ ಬಿಚ್ಚೋದು ಡಬ್ಬದ ಮುಚ್ಚಳ ತೆಗೆದ ಹಾಗೆ. ಬಿಚ್ಚಿ, ಮಸಿ ಕೆರೆದು, ಪಿಸ್ಟನ್ ಮೇಲಿನ ತುದಿಯಿಂದ ಎಷ್ಟು ಕೆಳಗಿದೆ ಅಂತ ವರ್ನಿಯರ್‌ನಲ್ಲೇ ಅಳೆದೆವು. ಪಾಯಿಂಟ್ ಗ್ಯಾಪ್ ಹನ್ನೆರಡು ತೌ (ಇಂಚಿನ ಸಾವಿರದ ಒಂದು ಪಾಲು ಒಂದು ತೌ), ಅಂದರೆ 0.3 ಮಿ.ಮೀ. ಪಾಯಿಂಟ್ ನಡುವೆ ಸಿಗರೇಟ್ ಸುತ್ತೋ ತೆಳು ಕಾಗದ ಸಿಕ್ಕಿಸಿ ಮೇಸ್ತ್ರಿ ಎರಡು ಬೆರಳಲ್ಲಿ ಹಿಡಿದರು. ನಾನು ಇಂಜಿನ್ನನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಕಾಗದ ಹಿಡಿತ ಬಿಟ್ಟು ಜಾರಿದ ಕ್ಷಣವೇ ಪಾಯಿಂಟ್ ಬಿಟ್ಟ ಕ್ಷಣ. ಅವರು ಕಣ್ಣು ಮುಚ್ಚಿಕೊಂಡಿದ್ದರು. ‘ಹಾಂ, ಇಲ್ಲಿ’ ಅಂದರು. ನಟ್ ಬಿಗಿ ಮಾಡುವಾಗ ಮತ್ತೆ ಸರಿಯಿತು. ಹೀಗೆ ನಾಲ್ಕು ಸಲ.

ಮೊದಲ ಓಡಾಟಕ್ಕೆ ಕೈಮರಕ್ಕೇ ಹೋದೆವು. ನನ್ನ ಹಿಂದೆ ಗೌಡರ ಮ್ಯಾಚ್‌ಲೆಸ್, ಅದರ ಹಿಂದೆ ಮೇಸ್ತ್ರಿಯನ್ನು ಕೂರಿಸಿಕೊಂಡ ಹುಡುಗ. ಅದೇ ಮೋರಿ ಕಟ್ಟೆ ದಾಟಿತು. ಅತ್ತಿಗುಂಡಿಯಲ್ಲಿ ಇಂಜಿನ್ ಕೆಂಡದ ಹಾಗೆ ಕಾದಿದ್ದಾಗ ಬೇಕಂತಲೇ ಆರಿಸಿದೆ. ಯಾರೂ ಮಾತಾಡಲಿಲ್ಲ. ತುಳಿದೆ. ಡುಗುಡುಗು.

ಆರ್‌ಸಿ ವಿಷಯ ತುಂಬಾ ಜನ ಕೇಳುತ್ತಾರೆ. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಅಂತ ಬೇರೆ ನಿಯಮ ಬಂದಿದೆ, 50 ವರ್ಷ ದಾಟಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರಿನಲ್ಲಿ ವಿಎ ಅಂತ ಇರುತ್ತದೆ. ಮೊದಲೇ ನೋಂದಣಿ ಆಗಿದ್ದ ಗಾಡಿಗೆ ಹಳೇ ನಂಬರು ಉಳಿಸಿಕೊಳ್ಳಬಹುದು. ದೊಡ್ಡಪ್ಪನ ನಂಬರು ಹಾಗೇ ಇದೆ. ಎಣ್ಣೆ ಸೋರೋದೂ ಹಾಗೇ ಇದೆ. ಎರಡು ವಾರ ನಿಲ್ಲಿಸಿದರೆ ಆಯಿಲ್ ಟ್ಯಾಂಕಿನಲ್ಲಿರೋ ಆಯಿಲ್ ಮೆಲ್ಲಗೆ ಪಂಪ್ ದಾಟಿ ಇಂಜಿನ್ ತಳಕ್ಕೆ ಇಳಿಯುತ್ತದೆ. ಸ್ಟಾರ್ಟ್ ಮಾಡೋ ಮುಂಚೆ ತಳದಿಂದ ಬಸಿದು ಮತ್ತೆ ಟ್ಯಾಂಕಿಗೆ ಸುರಿಯುತ್ತೇನೆ. ಇದಕ್ಕೆ ಮದ್ದು ಇದೆಯಂತೆ. ಸದ್ಯಕ್ಕೆ ನನಗೆ ಸೋರಿದ ಎಣ್ಣೆ ಹಿಡಿಯೋಕೆ ಗಾಡಿ ಕೆಳಗಿಟ್ಟ ಹಳೇ ರೊಟ್ಟಿ ಹಂಚು ಸಾಕು.

ಹೋದ ವಾರ ಗೌಡರ ಫೋನ್ ಬಂದಿತ್ತು. ಮ್ಯಾಚ್‌ಲೆಸ್ ಕೊಟ್ಟಿಗೆಹಾರದ ಹತ್ತಿರ ಬಿಸಿಯಾಗಿ ನಿಂತಿತಂತೆ, ನೀರುದೋಸೆ ತಿಂದು ಬರೋ ಹೊತ್ತಿಗೆ ಸ್ಟಾರ್ಟ್ ಆಯಿತಂತೆ. ‘ಪೆಟ್ರೋಲ್ ಇರಬೇಕು ಗೌಡ್ರೇ’ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇರ್ ಡ್ರೈಯರ್ ಕೇಳಿದರು. ಮಗಳು ಕೊಡೋಕೆ ಒಪ್ಪಿದ್ದಾಳೆ, ಗ್ರೀಸ್ ಅಂಟದ ಹಾಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಟ್ಟಿದ್ದಾಳೆ.